ಓಡಿ ಮುಗಿಸಿ ಬಂದವನು

ಸ್ಯಾಮ್ ಮನೆಗೆ ಬಂದ ದಿನ ಮೆಟ್ಟಿಲ ಬುಡದಲ್ಲಿ ನಿಂತೇಬಿಟ್ಟ. ಎಂಟೂವರೆ ವರ್ಷದ ಗ್ರೇಹೌಂಡ್. ಗಂಟೆಗೆ 60 ಕಿಲೋಮೀಟರ್ ದಾಟಿ ಓಡಿದ ಕಾಲುಗಳು. ಆದರೆ ಮೆಟ್ಟಿಲೆಂಬುದನ್ನು ಅವನು ಹತ್ತಿಯೇ ಇರಲಿಲ್ಲ. ಹಿತ್ತಲ ಗಾಜಿನ ಬಾಗಿಲು ಬಯಲೆಂದುಕೊಂಡು ಮೂತಿ ಬಡಿಸಿಕೊಂಡ. ಕನ್ನಡಿಯಲ್ಲಿ ಕಂಡ ನಾಯಿಯನ್ನು ಹುಡುಕಿಕೊಂಡು ಕಪಾಟಿನ ಹಿಂದೆ ಇಣುಕಿದ. ಸಂಜೆ ನಾನು ಮೆಟ್ಟಿಲ ಮೇಲೆ ಕೂತು, ಅವನ ನಾಲ್ಕು ಕಾಲುಗಳನ್ನು ಒಂದೊಂದಾಗಿ ಎತ್ತಿ ಇಟ್ಟೆ. ಮಗುವಿಗೆ ಹೆಜ್ಜೆ ಕಲಿಸುವ ಸುಖ ನನಗೆ ಮತ್ತೊಮ್ಮೆ ಸಿಗುತ್ತದೆಂದು ಎಣಿಸಿರಲಿಲ್ಲ, ಅದೂ ಮುಖವೆಲ್ಲ ನರೆತ ಮುದುಕನಿಂದ.

ನಾವಿರುವುದು ಮ್ಯಾಂಚೆಸ್ಟರಿನಲ್ಲಿ. ದುಂಡು ಹಾದಿಯಲ್ಲಿ ಯಂತ್ರದ ಮೊಲವನ್ನು ಮುಂದೆ ಓಡಿಸಿ ನಾಯಿಗಳನ್ನು ಬೆನ್ನಟ್ಟಿಸುವ ಪಂದ್ಯವನ್ನು ಬ್ರಿಟನ್ ಮೊದಲು ಕಂಡದ್ದು ಈ ಊರಿನ ಬೆಲ್ ವ್ಯೂ ಅಂಗಳದಲ್ಲಿ, 1926ರ ಜುಲೈ 24ರಂದು. ಆ ಅಂಗಳದ ಓಟ 2020ರಲ್ಲಿ ನಿಂತಿತು. ಬೇರೆ ಊರುಗಳಲ್ಲಿ ಇನ್ನೂ ನಡೆದಿದೆ. ಆರು ನಾಯಿ, ಆರು ಬಣ್ಣದ ಅಂಗಿ. ಓಟ ಹೊರಡುವಲ್ಲಿ ಕೆಂಪು ಅಂಗಿಯದು ಒಂದನೆಯ ಗೂಡು, ನೀಲಿಯದು ಎರಡನೆಯದು. 480 ಮೀಟರ್ ಓಟ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಆ ಅರ್ಧ ನಿಮಿಷಕ್ಕಾಗಿ ಉಳಿದ ಹೊತ್ತೆಲ್ಲ ಸಾಲುಗೂಡಿನಲ್ಲಿ ಕಾಯುವುದು. ನಾಲ್ಕೈದು ವರ್ಷವಾಗುತ್ತಲೇ ಆ ಬದುಕೂ ಮುಗಿಯುತ್ತದೆ. ಸ್ಯಾಮನ ಎರಡೂ ಕಿವಿಯೊಳಗೆ ಹಚ್ಚೆಯ ಅಕ್ಷರಗಳಿವೆ, ಅಂದರೆ ಅವನು ಐರ್ಲೆಂಡಿನಲ್ಲಿ ಹುಟ್ಟಿದವನು. ಇಲ್ಲಿ ಓಡುವ ನಾಯಿಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬರುತ್ತವೆ. ಓಟ ಬಿಟ್ಟ ಮೇಲೂ ನಾಲ್ಕು ವರ್ಷ ಅವನು ಗೂಡಿನಲ್ಲೇ ಉಳಿದಿದ್ದ. ಸಾಕಲು ನಾಯಿ ನೋಡಲು ಬಂದವರೆಲ್ಲ ಪಕ್ಕದ ಮರಿವಯಸ್ಸಿನವುಗಳನ್ನು ಕರೆದೊಯ್ದರು.

‘ಇನ್ನೆಷ್ಟು ವರ್ಷ ಇದ್ದೀತು?’ ಎಂದು ನನ್ನನ್ನೂ ಹಲವರು ಕೇಳಿದರು. ಈ ತಳಿ ಹನ್ನೆರಡು ವರ್ಷದ ಆಸುಪಾಸು ಬದುಕುತ್ತದೆ, ಲೆಕ್ಕ ನನಗೂ ಗೊತ್ತಿತ್ತು. ಆದರೆ ಇಷ್ಟು ದಿನ ಮನೆಯೇ ಇಲ್ಲದಿದ್ದವನಿಗೆ ಉಳಿದ ದಿನಗಳನ್ನೂ ಲೆಕ್ಕ ಹಾಕಿ ಇಲ್ಲವೆನ್ನಲು ನನ್ನಿಂದಾಗಲಿಲ್ಲ.

ಕಾಳಜಿ ಬೇಕು, ನಿಜ. ಅವನ ಎಷ್ಟೋ ಹಲ್ಲು ತೆಗೆಸಬೇಕಾಯಿತು. ಮೈಯಲ್ಲಿ ಕೊಬ್ಬಿಲ್ಲದ ಈ ತಳಿಗೆ ಅರಿವಳಿಕೆಯನ್ನು ಎಚ್ಚರದಿಂದ ಕೊಡಬೇಕು, ಕೆಲವು ಔಷಧಿಗಳಿಂದ ಬೇಗ ಚೇತರಿಸಿಕೊಳ್ಳುವುದಿಲ್ಲ. ಎಲುಬು ಒತ್ತದ ಹಾಗೆ ದಪ್ಪ ಹಾಸಿಗೆ, ಚಳಿಗೆ ಕೋಟು. ಮಲಗಿದ್ದಾಗ ಮುಟ್ಟದೆ ಮೊದಲು ಹೆಸರು ಹಿಡಿದು ಕರೆಯಬೇಕು, ಇಲ್ಲವಾದರೆ ಬೆಚ್ಚಿಬೀಳುತ್ತಾನೆ.

ಅವನು ಕೊಡುವುದೋ? ಒಂದು ಬೆಳಿಗ್ಗೆ ಬಟ್ಟಲು ಹಿಡಿದು ಬಂದಾಗ ಅವನ ಹಲ್ಲು ಕಟಕಟ ಅನ್ನತೊಡಗಿದವು. ಚಳಿಯೇನೋ ಎಂದು ಗಾಬರಿಯಾಗಿ ಕಂಬಳಿ ಹೊದಿಸಿದೆ. ಆಮೇಲೆ ತಿಳಿಯಿತು, ಗ್ರೇಹೌಂಡ್ ಖುಷಿಯಾದಾಗ ಹಾಗೆ ಹಲ್ಲು ಕಟಕಟಿಸುತ್ತದೆ. ಅಪ್ಪಿಕೊಳ್ಳಲು ಬಾರದ ಈ ನಾಯಿ ಬಂದು ಸುಮ್ಮನೆ ನನ್ನ ತೊಡೆಗೆ ಒರಗುತ್ತದೆ, ಮೂವತ್ತು ಕಿಲೋ ಭಾರವನ್ನು ನನ್ನ ಮೇಲೆ ಬಿಟ್ಟು ಕಣ್ಣು ಮುಚ್ಚುತ್ತದೆ. ದಿನದ ಮುಕ್ಕಾಲು ಪಾಲು ನಿದ್ದೆ. ಕೆಲವೊಮ್ಮೆ ಅಂಗಾತ, ನಾಲ್ಕೂ ಕಾಲು ಮೇಲೆ. ಹಾಗೆ ಹೊಟ್ಟೆ ತೋರಿಸಿ ಮಲಗಲು ಅವನಿಗೆ ಮೂರು ತಿಂಗಳು ಹಿಡಿಯಿತು. ಆ ಮಧ್ಯಾಹ್ನ ನಾನು ಅಡುಗೆಮನೆಗೆ ಹೋಗದೆ ಅವನ ಪಕ್ಕದಲ್ಲೇ ಕೂತಿದ್ದೆ.

ಬೇಸಿಗೆಯಲ್ಲಿ ಅವ್ವ ಬಂದಳು. ಬಾಗಲಕೋಟೆ ಸೀಮೆಯ ಅವ್ವನಿಗೆ ಇಂಥ ನಾಯಿ ಹೊಸತಲ್ಲ. ಸಣ್ಣ ನಡು, ಆಳ ಎದೆ, ಕಣ್ಣಿನಿಂದಲೇ ಬೇಟೆ ಹಿಡಿಯುವ ಮುಧೋಳ ನಾಯಿಯನ್ನು ಕಂಡು ಬೆಳೆದವಳು. ಪಕ್ಕೆಲುಬು ನೋಡಿ ಇಲ್ಲಿನವರು ‘ಊಟ ಹಾಕುವುದಿಲ್ಲವೇ’ ಎಂದು ಕೇಳಿದರೆ, ಅವ್ವ ಕೇಳಿದ್ದು ಬೇರೆ: ‘ಓಡೂ ನಾಯೀನ ಹಗ್ಗ ಹಾಕಿ ನಡಸ್ತೀಯಲ್ಲ, ಯವ್ವಾ?’

ಬೆಕ್ಕೋ ಅಳಿಲೋ ಕಂಡರೆ ಅವನ ಕಿವಿಗೆ ಯಾವ ಕೂಗೂ ಬೀಳುವುದಿಲ್ಲ, ರಸ್ತೆಯಲ್ಲಿ ಬಿಡಲಾಗದು. ಆದರೂ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಎತ್ತರದ ಬೇಲಿ ಹಾಕಿ ಗಂಟೆಗಿಷ್ಟೆಂದು ಬಾಡಿಗೆಗೆ ಕೊಡುವ ಹೊಲವೊಂದು ಊರಾಚೆ ಇದೆ. ಮೂವರೂ ಹೋದೆವು. ಹಗ್ಗ ಬಿಚ್ಚಿದೆ. ಸ್ಯಾಮ್ ಸ್ವಲ್ಪ ಹೊತ್ತು ಹುಲ್ಲು ಮೂಸಿದ, ನಮ್ಮತ್ತ ನೋಡಿದ, ಹಿಂಗಾಲು ಕುಗ್ಗಿಸಿದ.

ಆಮೇಲೆ ನಾಯಿ ಕಾಣಲಿಲ್ಲ, ಓಟ ಕಂಡಿತು. ಈ ಜಾತಿಯ ಓಟದಲ್ಲಿ ಒಂದೊಂದು ನೆಗೆತಕ್ಕೆ ಎರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ, ಒಮ್ಮೆ ಮೈ ಬಿಲ್ಲಿನಂತೆ ಬಾಗಿದಾಗ, ಒಮ್ಮೆ ಬಾಣದಂತೆ ಚಾಚಿದಾಗ. ಮುಂದೆ ಮೊಲವಿಲ್ಲ, ಪಕ್ಕದಲ್ಲಿ ಐದು ನಾಯಿಗಳಿಲ್ಲ, ಪಣ ಕಟ್ಟಿದವರಿಲ್ಲ. ಹೊಲದ ಸುತ್ತ ಒಂದೇ ಸುತ್ತು. ನರೆತ ಮೂತಿಯ ಇಕ್ಕೆಲದಲ್ಲಿ ಕಿವಿಗಳು ಹಿಂದಕ್ಕೆ ಹಾರುತ್ತಿದ್ದವು.

ಸುತ್ತು ಮುಗಿದದ್ದೇ ಓಟ ನಿಲ್ಲಿಸಿ, ಏದುಸಿರು ಬಿಡುತ್ತ ನಡೆದೇ ಬಂದ. ಬೆಂಚಿನ ಮೇಲೆ ಕೂತಿದ್ದ ಅವ್ವನ ನೋಯುವ ಮೊಣಕಾಲಿಗೆ ಮೆಲ್ಲಗೆ ಒರಗಿದ. ಅವ್ವ ಸೆರಗಿನಿಂದ ಅವನ ಬಾಯಿಯ ನೊರೆ ಒರೆಸಿ, ‘ಸಾಕಾತೇನಪಾ ಓಡಿದ್ದು?’ ಅಂದಳು.

ಉಳಿದ ನಾಲ್ಕಾರು ಹಲ್ಲು ಕಟಕಟ ಅನ್ನುತ್ತಿದ್ದವು.