ಲಖನೌ ಹೆಸರಿನ ಪುಣೆಯ ಗಿಡ

ಜನವರಿಯಲ್ಲಿ ಪುಣೆಯ ಎಂಪ್ರೆಸ್ ಗಾರ್ಡನ್‌ನಲ್ಲಿ ಹೂವಿನ ಪ್ರದರ್ಶನ ನಡೆಯುತ್ತದೆ. ಎರಡು ವರ್ಷದ ಹಿಂದೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಬಾಲ್ಕನಿಗೆ ಒಂದು ಗುಲಾಬಿ ಬೇಕೆಂದು ಹಟ ಹಿಡಿದಳು. ಅದೂ ಎಂಥದ್ದು? ‘ಪುಣೆಯಲ್ಲೇ ಹುಟ್ಟಿದ್ದು!’

ಈ ಹಟಕ್ಕೆ ಕಾರಣ ಇತ್ತು. ಅವಳು ಹುಟ್ಟಿದ್ದು ಇಲ್ಲೇ, ಮರಾಠಿ ಮಾತಾಡುವುದು ನನಗಿಂತ ಚೆನ್ನಾಗಿ. ಆದರೂ ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ, ‘ತುಝಂ ಗಾವ್ ಕೋಣ್ತಂ?’ ಧಾರವಾಡ ಅನ್ನುತ್ತಾಳೆ. ವರ್ಷಕ್ಕೆ ಹತ್ತು ದಿನ ನೋಡುವ ಊರು ಅದು.

ನರ್ಸರಿಯವನು ಕೆಂಪು ಗುಲಾಬಿ ತೋರಿಸಿದ. ತಳೇಗಾಂವ್ ಕಡೆಯ ಪಾಲಿಹೌಸ್‌ಗಳಲ್ಲಿ ಪ್ರೇಮಿಗಳ ದಿನಕ್ಕೆಂದು ಬೆಳೆದು ವಿದೇಶಕ್ಕೆ ಕಳಿಸುತ್ತಾರಲ್ಲ, ಆ ಜಾತಿಯದು. ಅದರ ತವರು ಹಾಲೆಂಡ್. ಭಾರತದಲ್ಲೇ ಹುಟ್ಟಿದ ಗುಲಾಬಿ ಬೇಕೆಂದರೆ ದೆಹಲಿಯ ನೆನಪಾಗಬೇಕು. ಗೋಧಿ ತಳಿಗಳಿಗೆ ಹೆಸರಾದ ವಿಜ್ಞಾನಿ ಡಾ. ಬಿ. ಪಿ. ಪಾಲ್ ಹವ್ಯಾಸಕ್ಕೆಂದು ಹತ್ತಾರು ಗುಲಾಬಿ ತಳಿ ಮಾಡಿದ್ದು ಅಲ್ಲಿ. ‘ಪುಣೆಯದೇ ಬೇಕಾದರೆ ಇದನ್ನು ಒಯ್ಯಿರಿ’ ಎಂದು ನರ್ಸರಿಯವನು ನಗುತ್ತ ಮೂಲೆಯ ಗಿಡವೊಂದನ್ನು ತೋರಿಸಿದ. ಪೇರಲ! ಚೀಟಿಯಲ್ಲಿ ‘ಎಲ್-49’ ಎಂದಿತ್ತು.

ಎಲ್ ಅಂದರೆ ಲಖನೌ. ನಾನು ನಿಂತಲ್ಲೇ ನಿಂತೆ. ಯಾಕೆಂದರೆ ಧಾರವಾಡದ ನಮ್ಮ ಹಿತ್ತಲಲ್ಲಿ ಇದ್ದದ್ದೂ ‘ಲಖನೌ ಪೇರಲ’ವೇ. ಅಪ್ಪ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳೋರು: ‘ಇದು ಲಖನೌದಿಂದ ಬಂದದ್ದು ನೋಡ್ರಿ, ನವಾಬರ ಊರಿಂದು!’

ಅಪ್ಪ ಹೇಳಿದ್ದು ಅರ್ಧ ಮಾತ್ರ ಸರಿ ಎಂದು ಆಮೇಲೆ ತಿಳಿಯಿತು. ಬೀಜ ಬಂದದ್ದು ಲಖನೌದಿಂದ. ತಳಿ ಹುಟ್ಟಿದ್ದು ಪುಣೆಯ ಗಣೇಶಖಿಂಡ್ ತೋಟದಲ್ಲಿ. 1873ರಲ್ಲಿ ಶುರುವಾದ ಈ ತೋಟ ವಿಶ್ವವಿದ್ಯಾಲಯದ ಹತ್ತಿರವೇ ಇದೆ. ಸುತ್ತಲಿನ ಟ್ರಾಫಿಕ್ ಗದ್ದಲದಲ್ಲಿ ಇಷ್ಟು ಹಳೆಯ ಮರಗಳಿವೆ ಎಂದು ಅನ್ನಿಸುವುದೇ ಇಲ್ಲ. 2020ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದ್ದಾರೆ. ಆಗಿನ ಮುಂಬೈ ಪ್ರಾಂತದಲ್ಲಿ ತೋಟಗಾರಿಕೆಯ ತಜ್ಞರಾಗಿದ್ದ ಡಾ. ಜಿ. ಎಸ್. ಚೀಮಾ ಇಲ್ಲಿ ಪೇರಲ ಸಸಿಗಳನ್ನು ಬೆಳೆಸಿ ಒಂದೊಂದನ್ನೂ ಪರೀಕ್ಷಿಸಿದರು. ಬೀಜದಿಂದ ಬಂದ ಪೇರಲ ತಾಯಿಯಂತೆಯೇ ಇರುವುದಿಲ್ಲ. ಒಂದರ ಹಣ್ಣು ಸಿಹಿ, ಇನ್ನೊಂದರದ್ದು ಸಪ್ಪೆ. ಆ ಗುಂಪಿನಲ್ಲಿ ಗೆದ್ದ ಗಿಡವೇ ಈ 49. 1927ರಲ್ಲಿ ಅದು ತಳಿಯಾಗಿ ಹೊರಬಿತ್ತು. ಮರ ಗಿಡ್ಡ, ಅಗಲವಾಗಿ ಹರಡುತ್ತದೆ. ಹಣ್ಣು ದಪ್ಪ, ಸಿಪ್ಪೆ ತುಸು ಒರಟು, ತಿರುಳು ಹಾಲಿನಂತೆ ಬಿಳಿ. ಮುಂದೆ ‘ಸರ್ದಾರ್’ ಎಂಬ ಹೆಸರೂ ಬಂತು. ಆದರೆ ಜನರ ಬಾಯಲ್ಲಿ ಲಖನೌ ಉಳಿದುಕೊಂಡಿತು.

ಪುಣೆಯ ಗಿಡ ಧಾರವಾಡಕ್ಕೆ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ. 1956ರವರೆಗೆ ಎರಡೂ ಒಂದೇ ರಾಜ್ಯದ ಊರುಗಳು. ಧಾರವಾಡದ ಕೆಂಪು ನೆಲ ಪೇರಲಕ್ಕೆ ಒಗ್ಗಿತು. ಗಿಡ ಇಲ್ಲಿಂದ ಅಲ್ಲಿಗೆ ಹೋಯಿತು, ನಾವು ಅಲ್ಲಿಂದ ಇಲ್ಲಿಗೆ ಬಂದೆವು.

ಅಪ್ಪ ತೀರಿಕೊಂಡ ಮೇಲೆ ಆ ಮನೆ ಮಾರಿದ್ದೆವು. ಕೊಂಡವರು ಮಳೆಗಾಲ ಮುಗಿದ ಮೇಲೆ ಮನೆ ಕೆಡವಿ ಹೊಸದು ಕಟ್ಟುವವರಿದ್ದರು. ಮರವೂ ಹೋಗುವುದೇ. ಜುಲೈನಲ್ಲಿ 400 ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಹೋಗಿ, ಅವರ ಅಪ್ಪಣೆ ಕೇಳಿ, ಮೂರು ಕೊಂಬೆಗೆ ಗೂಟಿ ಕಟ್ಟಿದೆ. ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಒಂದಿಂಚು ಅಗಲ ಸುತ್ತಲೂ ತೊಗಟೆ ಬಿಡಿಸಿ, ಒದ್ದೆ ಪಾಚಿ ಇಟ್ಟು, ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟುವುದು. ಎಲೆಯಿಂದ ಕೆಳಗಿಳಿಯುವ ಆಹಾರ ಆ ಗಾಯದಲ್ಲಿ ತಡೆದು ನಿಲ್ಲುತ್ತದೆ, ಅಲ್ಲಿಂದಲೇ ಬೇರು ಹೊರಡುತ್ತದೆ. ಗಾಯ ಆಗದೆ ಬೇರು ಬರುವುದಿಲ್ಲ. ನರ್ಸರಿಯಲ್ಲಿ ಸಸಿ ಸಿಗುತ್ತಿತ್ತು, ನಿಜ. ಎಲ್-49ರ ಪ್ರತಿ ಗಿಡವೂ ಗಣೇಶಖಿಂಡ್‌ನ ಆ ಒಂದೇ ಗಿಡದ ತುಂಡು. ಹಾಗಾಗಿ ನರ್ಸರಿಯದಕ್ಕೂ ನಮ್ಮದಕ್ಕೂ ವಿಜ್ಞಾನದಲ್ಲಿ ವ್ಯತ್ಯಾಸ ಇಲ್ಲ. ಆದರೆ ನರ್ಸರಿಯ ಗಿಡಕ್ಕೆ ಅಪ್ಪ ನೀರು ಹಾಕಿರಲಿಲ್ಲ.

ಸೆಪ್ಟೆಂಬರಿನಲ್ಲಿ ಹೋದಾಗ ಎರಡು ಕೊಂಬೆ ಒಣಗಿದ್ದವು. ಮೂರನೆಯದರ ಪ್ಲಾಸ್ಟಿಕ್ ಒಳಗೆ ಬಿಳಿ ಬೇರು ಕಾಣುತ್ತಿತ್ತು. ಕತ್ತರಿಸಿಕೊಂಡು, ಒದ್ದೆ ಬಟ್ಟೆ ಸುತ್ತಿ, ರಾತ್ರಿಯಿಡೀ ತೊಡೆಯ ಮೇಲೆ ಇಟ್ಟುಕೊಂಡು ಪುಣೆಗೆ ಬಂದೆ. ಒಂದು ತಿಂಗಳು ನೆರಳಲ್ಲಿಟ್ಟ ಮೇಲೆ ಹೊಸ ಚಿಗುರು ಬಂತು. ಅಷ್ಟರಲ್ಲಿ ಧಾರವಾಡದ ಮರ ಇರಲಿಲ್ಲ.

ಈಗ ಅದು ಬಾಲ್ಕನಿಯ ಡ್ರಮ್ಮಿನಲ್ಲಿ ಮಗಳ ಎತ್ತರಕ್ಕೆ ಬಂದಿದೆ. ಹಣ್ಣು ಇನ್ನೂ ಬಿಟ್ಟಿಲ್ಲ. ಮೊನ್ನೆ ಪಕ್ಕದ ಮನೆಯ ಅಜ್ಜಿ ಕೇಳಿದರು, ಪೇರು ಎಲ್ಲಿಯದು ಅಂತ. ಮಗಳು ಸ್ವಲ್ಪ ಯೋಚಿಸಿ ಹೇಳಿದಳು: ‘ಹೆಸರು ಲಖನೌದ್ದು, ಬಂದದ್ದು ಧಾರವಾಡದಿಂದ. ಆದರೆ ಅಜ್ಜಿ, ಇದು ಇಲ್ಲಿಯದೇ.’