ಕುಕ್ಕುಟ ಖಾತೆ

ನಮ್ಮ ಮನೆಯ ಗೋಡೆಯಲ್ಲಿ ಒಂದೇ ಮೊಳೆಗೆ ಎರಡು ಪುಸ್ತಕಗಳು ತೂಗುತ್ತಿವೆ: ಒಂದು ಪಂಚಾಂಗ, ಇನ್ನೊಂದು ಕೋಳಿಗಳ ಲೆಕ್ಕದ ಪುಸ್ತಕ. ಬರಲಿರುವ ಅನಿಷ್ಟಗಳನ್ನು ತಿಳಿಯಲು ಮೊದಲನೆಯದನ್ನೂ, ಬಂದುಹೋದ ಅನಿಷ್ಟಗಳನ್ನು ತಿಳಿಯಲು ಎರಡನೆಯದನ್ನೂ ತೆರೆದು ನೋಡುವುದು ನಮ್ಮ ವಾಡಿಕೆ. ಮೂವತ್ತು ವರ್ಷಗಳ ಕಾಲ ಮಲೆನಾಡಿನ ಶಾಲೆಗಳಲ್ಲಿ ಹುಡುಗರಿಗೆ ಲಾಭನಷ್ಟದ ಲೆಕ್ಕಗಳನ್ನು ಕಲಿಸಿ, ಉತ್ತರ ತಪ್ಪಿದವರ ಕಿವಿ ಹಿಂಡಿ, ನಿವೃತ್ತನಾಗಿ ಊರು ಸೇರಿದ ನನಗೆ, ಆ ಲೆಕ್ಕಗಳಲ್ಲಿ ಒಂದನ್ನಾದರೂ ನಾನೇ ಬದುಕಿ ನೋಡಬೇಕೆಂಬ ಬುದ್ಧಿ ಬಂದದ್ದು ಆ ಮಕ್ಕಳ ಶಾಪದಿಂದಲೇ ಇರಬೇಕು. ಅಪರೂಪದ ದೇಶೀ ತಳಿಯ ಕೋಳಿಗಳನ್ನು ಸಾಕುವೆನೆಂದು ನಾನು ಹೇಳಿದ ದಿನ ನನ್ನ ಮನೆಯಾಕೆ ಬೇಡವೆನ್ನಲಿಲ್ಲ. ಒಂದೇ ಒಂದು ನಿಬಂಧನೆಯನ್ನು ಮುಂದಿಟ್ಟಳು.

“ಕೋಳಿ ಖರ್ಚನ್ನ ಕೋಳಿಯೇ ದುಡೀಲಿ. ಪಿಂಚಣಿಯ ಒಂದು ಕಾಸೂ ಆ ಗೂಡಿನೊಳಗೆ ಹೋಗಬಾರದು.”

ನ್ಯಾಯವಾದ ಮಾತು. ಆದರೆ ಅದನ್ನು ಒಪ್ಪಿಕೊಂಡದ್ದು ಚೈತ್ರಮಾಸದಲ್ಲಿ. ಮಾಗಿ ಎಂಬುದೊಂದು ಕಾಲವಿದೆಯೆಂಬುದು ಆಗ ನನ್ನ ನೆನಪಿಗೆ ಬರಲಿಲ್ಲ.

ನಮ್ಮ ಅಂಗಳದಲ್ಲಿ ಮೂರು ಕುಲಗಳಿವೆ. ಮೊದಲನೆಯದು ಅಸೀಲ್. ಆ ಶಬ್ದವೇ ಅರಬ್ಬಿಯಿಂದ ಬಂದದ್ದು. ಶುದ್ಧ, ಕುಲೀನ ಎಂದು ಅದರ ಅರ್ಥ. ನೀಳವಾದ ಕೊರಳನ್ನು ನಿಗುರಿಸಿ, ಎದೆಯನ್ನು ಮುಂದೆ ಮಾಡಿ ಅದು ನಡೆಯುವ ಠೀವಿಯನ್ನು ಕಂಡರೆ, ಆ ಅರ್ಥವನ್ನು ಯಾರೋ ಅದರ ಕಿವಿಯಲ್ಲಿ ಮೊದಲೇ ಹೇಳಿಟ್ಟಿರಬೇಕೆನಿಸುತ್ತದೆ. ಎರಡನೆಯದು ಮಧ್ಯಪ್ರದೇಶದ ಝಾಬುವಾ ಸೀಮೆಯ ಕಡಕ್‌ನಾಥ್. ಪುಕ್ಕವಷ್ಟೇ ಅಲ್ಲ, ಜುಟ್ಟು, ಚರ್ಮ, ಮಾಂಸ ಎಲ್ಲವೂ ಕಾಡಿಗೆಯಲ್ಲಿ ಅದ್ದಿ ತೆಗೆದಂತಿರುವ ಈ ಪಕ್ಷಿ ಲೋಕಕ್ಕೆ ನೀಡುವ ತಿಳಿಬಣ್ಣದ ವಸ್ತುವೆಂದರೆ ಅದರ ಮೊಟ್ಟೆಯೊಂದೇ. ಝಾಬುವಾದ ಈ ಕಪ್ಪು ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಮೂರನೆಯದು ಬೋಳುಕೊರಳಿನ ಕೋಳಿ. ಸೃಷ್ಟಿಕರ್ತನು ಪುಕ್ಕ ಅಂಟಿಸುತ್ತ ಬಂದು, ಕೊರಳಿಗೆ ತಲಪುವ ಹೊತ್ತಿಗೆ ಸರಂಜಾಮು ಮುಗಿದುಹೋಗಿ, ತಲೆಯ ಮೇಲೆ ಮಾತ್ರ ಒಂದು ಟೋಪಿಯನ್ನಿಟ್ಟು ಕೈತೊಳೆದುಕೊಂಡಂತೆ ಇದರ ರೂಪ. ಬೋಳುತನವನ್ನು ತಾಯಿತಂದೆಗಳಿಬ್ಬರಿಂದಲೂ ಪಡೆದದ್ದಾದರೆ ಕೊರಳು ಪೂರ್ತಿ ಬೋಳು. ಒಬ್ಬರಿಂದ ಮಾತ್ರ ಪಡೆದದ್ದಾದರೆ ಕೊರಳ ಮುಂಭಾಗದಲ್ಲಿ ಒಂದು ಚಿಕ್ಕ ಕುಚ್ಚು ಉಳಿದಿರುತ್ತದೆ. ಆ ಕುಚ್ಚನ್ನು ನೋಡಿ ವಂಶಾವಳಿಯನ್ನು ಹೇಳಬಲ್ಲೆನೆಂಬುದು ಈ ವಯಸ್ಸಿನಲ್ಲಿ ನನಗುಳಿದಿರುವ ಕೆಲವೇ ಅಹಂಕಾರಗಳಲ್ಲೊಂದು.

ಬುದ್ಧಿವಂತರು ಹೀಗೆ ಮಾಡುವುದಿಲ್ಲ. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರು ಹಿತ್ತಿಲ ಸಾಕಣೆಗೆಂದೇ ರೂಪಿಸಿದ ಗಿರಿರಾಜನಿದ್ದಾನೆ. ಬೇಗ ಬೆಳೆಯುತ್ತಾನೆ, ಚೆನ್ನಾಗಿ ತೂಗುತ್ತಾನೆ. ಫಾರಮ್ಮಿನ ಬಿಳಿಕೋಳಿ ವರ್ಷಕ್ಕೆ 300 ಮೊಟ್ಟೆಗಳನ್ನಿಟ್ಟರೆ ನನ್ನ ಕಡಕ್‌ನಾಥ್ 80ರ ಆಸುಪಾಸಿನಲ್ಲಿ ತನ್ನ ಕರ್ತವ್ಯ ಮುಗಿಯಿತೆಂದು ಭಾವಿಸುತ್ತದೆ. ಅಪರೂಪದ ತಳಿ ಅಪರೂಪವಾಗಿ ಉಳಿಯುವುದಕ್ಕೆ ಕಾರಣವೇನೆಂದು ಯಾರಾದರೂ ಕೇಳಿದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ತೋರಿಸಿದರೆ ಸಾಕು.

ಧನುರ್ಮಾಸ ಕಾಲಿಟ್ಟಿತೆಂದರೆ ಆ 80ರ ಭಾಗ್ಯವೂ ಸೊರಗುತ್ತದೆ. ನಮ್ಮ ಸೀಮೆಯಲ್ಲಿ ಹಿಮ ಬೀಳುವುದಿಲ್ಲ, ನೀರು ಹೆಪ್ಪುಗಟ್ಟುವುದಿಲ್ಲ. ಕಣಿವೆಯಿಂದ ಮೇಲೆದ್ದ ಕಾವಳವು ಒಂಬತ್ತು ಗಂಟೆಯವರೆಗೂ ಅಡಕೆಯ ಮರಗಳ ನಡುವೆ ಜೋತುಕೊಂಡಿರುತ್ತದೆ, ಅಷ್ಟೆ. ಆದರೂ ಕೋಳಿಗೆ ಮಾಗಿ ಬಂದುದು ತಿಳಿಯುವುದು ಚಳಿಯಿಂದಲ್ಲ, ಬೆಳಕಿನಿಂದ. ಡಿಸೆಂಬರದ ಕೊನೆಯಲ್ಲಿ ನಮ್ಮ ಹಗಲು ಹನ್ನೊಂದೂಕಾಲು ಗಂಟೆಯನ್ನು ದಾಟಿ ಹೆಚ್ಚು ದೂರ ಹೋಗದು. ಹಕ್ಕಿಗಳು ಈ ಬೆಳಕನ್ನು ಕಣ್ಣಿನಿಂದ ಮಾತ್ರ ಅಳೆಯುವುದಿಲ್ಲ. ತಲೆಬುರುಡೆಯನ್ನು ಹಾದು ಒಳಗಿಳಿದ ಬೆಳಕನ್ನು ಅವುಗಳ ಮಿದುಳೇ ನೇರವಾಗಿ ಗ್ರಹಿಸುತ್ತದೆಂದು ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಹಗಲು ಕುಗ್ಗಿತೆಂದು ಮಿದುಳು ಅರಿತೊಡನೆ ಅಂಡಾಶಯಕ್ಕೆ ರಜೆ. ಅದೇ ಹೊತ್ತಿನಲ್ಲಿ ಹಳೆಯ ಪುಕ್ಕಗಳನ್ನುದುರಿಸಿ ಹೊಸದನ್ನು ತೊಡುವ ಸಂಭ್ರಮ. ತಿಂದ ಕಾಳೆಲ್ಲ ಗರಿಯಾಗುತ್ತದೆ, ಮೊಟ್ಟೆಯಾಗುವುದಿಲ್ಲ. ದೊಡ್ಡ ಫಾರಮ್ಮಿನವರು ದೀಪ ಹಚ್ಚಿ ಹಗಲನ್ನು ಹದಿನಾರು ಗಂಟೆಗೆ ಹಿಗ್ಗಿಸಿ ಆ ಮಿದುಳನ್ನು ವಂಚಿಸುತ್ತಾರೆ. ನಾನೂ ಒಂದು ವರ್ಷ ಹಾಗೆ ಮಾಡಿದೆ; ಆದರೆ ನಮ್ಮೂರಿನ ವಿದ್ಯುತ್ತು ಕೋಳಿಗಳಿಗಿಂತಲೂ ಹೆಚ್ಚು ರಜೆ ತೆಗೆದುಕೊಳ್ಳುವ ಸ್ವಭಾವದ್ದಾದುದರಿಂದ, ವಂಚನೆಗೆ ಒಳಗಾದವನು ನಾನೊಬ್ಬನೇ.

ಮೊದಲ ಮಾಗಿಯಲ್ಲಿ ನಾನು ಮಾಡಿದ ಮಹಾಪರಾಧವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಬೋಳುಕೊರಳಿನ ಹೇಟೆಗಳು ಮುಂಜಾನೆ ಕೊರಳನ್ನು ಹೆಗಲೊಳಗೆ ಹುದುಗಿಸಿಕೊಂಡು ನಿಂತಿದ್ದ ಭಂಗಿ ನನ್ನನ್ನು ಕರಗಿಸಿತು. ಸೆಖೆಯ ನಾಡಿಗೆ ಒಪ್ಪುವಂತೆ ಪುಕ್ಕ ಕಳಚಿಕೊಂಡ ಜೀವಕ್ಕೆ ಈ ಚಳಿಯೇ ಎಂದು ಮರುಗಿ, ಗೂಡಿನ ನಾಲ್ಕು ಕಡೆಗೂ ಗೋಣಿಚೀಲಗಳನ್ನು ಹೊಲಿಸಿ ಹೊದಿಸಿ, ಮಾಡಿನ ಕೆಳಗಿನ ಸಂದುಗಳಿಗೆಲ್ಲ ಹುಲ್ಲು ತುರುಕಿ, ಒಳಗೆ ಬೆಚ್ಚಗಾಯಿತೆಂದು ನೆಮ್ಮದಿಯಿಂದ ಮಲಗಿದೆ. ಹತ್ತು ದಿನಗಳಲ್ಲಿ ನೆಲದ ಉಮಿ ಒದ್ದೆಯಾಯಿತು, ಬೆಳಿಗ್ಗೆ ಬಾಗಿಲು ತೆರೆದರೆ ಕಣ್ಣುರಿಯುವಂಥ ಘಾಟು, ಕೋಳಿಗಳೆಲ್ಲ ಸೀನತೊಡಗಿದವು. ಕೆಳಕೇರಿಯ ಮುದುಕಿಯೊಬ್ಬಳು ಸೌದೆಗೆ ಹೋಗುವವಳು ಅಲ್ಲೇ ನಿಂತು, ಗೂಡನ್ನು ಸುತ್ತಿ ನೋಡಿ, ಕೇಳಿದಳು:

“ಏನ್ ಮೇಷ್ಟ್ರೇ, ಕೋಳೀನ ಉಪ್ಪಿನಕಾಯಿ ಹಾಕಿದ್ದೀರಾ?”

ನಾನು ಚಳಿಯ ಮಾತೆತ್ತಿದೆ. “ಚಳಿ ಹಕ್ಕಿ ಜಾತಿಗೆ ಏನ್ ಮಾಡತ್ತೆ? ಮೈ ತುಂಬ ಒಲೆ ಇಟ್ಕೊಂಡಿದಾವೆ. ತೇವ ಮಾಡತ್ತೆ, ಎದೆಗೆ ಹೊಡೆಯೋ ಗಾಳಿ ಮಾಡತ್ತೆ. ಕೆಳಗಡೆ ಮುಚ್ಚಿ, ಮೇಲುಗಡೆ ಬಿಡಿ” ಎಂದು ಹೇಳಿ ನಡೆದಳು. ಕೋಳಿಯ ಮೈಯ ಶಾಖ 41 ಡಿಗ್ರಿಯಷ್ಟೆಂದು ಪುಸ್ತಕದಲ್ಲಿ ಓದಿಯೂ ನನಗೆ ಹೊಳೆಯದ ಸಂಗತಿಯನ್ನು ಆಕೆ ‘ಒಲೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದಳು. ಅಂದೇ ಮೇಲಿನ ಗೋಣಿಗಳನ್ನು ಕಿತ್ತೆ, ಒದ್ದೆ ಉಮಿಯನ್ನು ತೆಗೆಸಿ ಒಣಗಿದುದನ್ನು ಹರಡಿದೆ. ವಾರದಲ್ಲಿ ಸೀನು ನಿಂತಿತು. ಗೋಣಿ, ದಾರ, ಹೊಲಿದವನ ಕೂಲಿ ಮಾತ್ರ ಖರ್ಚಿನ ಅಂಕಣದಲ್ಲಿ ಶಾಶ್ವತವಾಗಿ ನಿಂತವು.

ಮರಿಗಳ ವಿಷಯವಾದರೋ ಹಾಗಲ್ಲ. ಅವುಗಳ ಮೈಯಲ್ಲಿ ಒಲೆ ಇನ್ನೂ ಹೊತ್ತಿರುವುದಿಲ್ಲ. ಮೊದಲ ವಾರ 35 ಡಿಗ್ರಿಯ ಶಾಖ ಬೇಕು, ಮುಂದೆ ವಾರಕ್ಕೆ ಮೂರರಂತೆ ಇಳಿಸಬಹುದು. ಬಲ್ಬನ್ನು ನಂಬಿದವನು ಕೆಟ್ಟನೆಂಬ ಅನುಭವವಾದ ಮೇಲೆ ನಾನು ತಾಯಿಯನ್ನೇ ನಂಬತೊಡಗಿದೆನು. ಕಡಕ್‌ನಾಥ್ ಹೇಟೆಗೆ ಕಾವು ಕೂರುವ ಸಹನೆ ಸಾಲದು. ಅಸೀಲ್ ಹೇಟೆಯಾದರೋ ಕುಳಿತಿತೆಂದರೆ ತಪಸ್ವಿನಿ. ಆದುದರಿಂದ ಕಡಕ್‌ನಾಥಿನ ಮೊಟ್ಟೆಗಳನ್ನು ಅಸೀಲ್ ಹೇಟೆಯ ಕೆಳಗಿಟ್ಟು, ಮಂಕರಿಯನ್ನು ಅಡಿಗೆಮನೆಯ ಒಲೆಯ ಹಿಂದಿನ ಬೆಚ್ಚನೆಯ ಮೂಲೆಯಲ್ಲಿರಿಸುತ್ತೇನೆ. ಇಪ್ಪತ್ತೊಂದನೆಯ ದಿನ ಕೆಂದುಬಣ್ಣದ ತಾಯಿಯ ರೆಕ್ಕೆಯಡಿಯಿಂದ, ಮಸಿಯ ಮುದ್ದೆಗಳಂಥ ಹತ್ತು ಹನ್ನೆರಡು ಮರಿಗಳು ಒಂದೊಂದಾಗಿ ಹೊರಗಿಣುಕುವುದನ್ನು ನೋಡಬೇಕು. ತನ್ನ ಕುಲದ ಶುದ್ಧಿಯನ್ನೇ ಹೆಸರಾಗಿ ಹೊತ್ತ ಆ ಪಕ್ಷಿ, ಇವು ಯಾರ ಮಕ್ಕಳೆಂದು ಒಮ್ಮೆಯೂ ಕೇಳಿದ್ದಿಲ್ಲ. ಮುಟ್ಟಹೋದ ನನ್ನ ಕೈಯನ್ನು ಮಾತ್ರ ರಕ್ತ ಬರುವಂತೆ ಕುಕ್ಕಿದೆ.

ಮರಿಗಳಿಗೆ ಐದಾರು ದಿನವಾದಾಗ ಕೊಕ್ಕರೆ ರೋಗದ ಲಸಿಕೆಯನ್ನು ಕಣ್ಣಿಗೆ ಒಂದೊಂದು ಹನಿ ಹಾಕಿಸಬೇಕು. ಆ ಸೀಸೆ ನನಗೆ ಸಿಗುವುದು ನೂರು ಮರಿಗಳ ಪ್ರಮಾಣದಲ್ಲಿ, ನನ್ನಲ್ಲಿರುವುವು ಹನ್ನೆರಡು, ಕಲಸಿದ ಮದ್ದು ಮರುದಿನಕ್ಕೆ ಬಾರದು. ಉಳಿದ ಎಂಬತ್ತೆಂಟು ಹನಿಗಳನ್ನು ಚೆಲ್ಲಲಾರದೆ ಊರಿಗೆಲ್ಲ ಹೇಳಿಕಳುಹಿಸಿದೆನು. ಬುಟ್ಟಿಯಲ್ಲಿ, ಸೆರಗಿನಲ್ಲಿ, ಶಾಲೆಯ ಚೀಲದಲ್ಲಿ ಮರಿಗಳನ್ನು ತುಂಬಿಕೊಂಡು ಜನ ಬಂದರು. ಮೇಲುಗುಡ್ಡದ ಮನೆಯ ಹೆಂಗಸು ನನ್ನ ಅಸೀಲ್ ಹುಂಜವನ್ನು ಮೊದಲು ಕಂಡದ್ದು ಆ ದಿನ. ಆಕೆಯ ಮಾತು ಮುಂದೆ ಬರುತ್ತದೆ.

ಈಗ ಲೆಕ್ಕ. ಇಪ್ಪತ್ತಾರು ಕೋಳಿಗಳು, ತಲೆಗೆ ದಿನಕ್ಕೆ ನೂರು ಗ್ರಾಂ. ತಿಂಗಳಿಗೆ 78 ಕಿಲೋ. ಕೊಯ್ಲು ಮುಗಿದ ಗದ್ದೆಯ ಉದುರುಭತ್ತ, ತೋಟದ ಗೆದ್ದಲು ಇವುಗಳ ಪುಣ್ಯದಿಂದ ನಾನು ಕೊಳ್ಳುವುದು 50 ಕಿಲೋ. ನುಚ್ಚು, ಜೋಳ, ತೌಡು ಎಲ್ಲ ಸೇರಿ ಕಿಲೋಗೆ 30ರಂತೆ 1,500 ರೂಪಾಯಿ. ಕಳೆದ ಧನುರ್ಮಾಸದಲ್ಲಿ ಬಂದ ಮೊಟ್ಟೆಗಳು 61, ಕಾವಿಗಿಟ್ಟದ್ದು 24, ಮಾರಿದ್ದು 37, ತಲಾ 15ರಂತೆ 555. ಕೊರತೆ 945. ಈ ಲೆಕ್ಕವನ್ನು ಏಳನೆಯ ತರಗತಿಯ ಹುಡುಗನೂ ಮಾಡಬಲ್ಲ. ಆದರೆ ಕೊರತೆಯ ಜಾಗದಲ್ಲಿ ಯಾವ ಕೋಳಿಯನ್ನಿಡಬೇಕೆಂಬುದನ್ನು ಯಾವ ತರಗತಿಯಲ್ಲೂ ಕಲಿಸುವುದಿಲ್ಲ.

ಕೊಳ್ಳಲು ಬರುವವರು ನಾನಾ ಬಗೆ. ಭೂತಕ್ಕೆ ಹರಕೆ ಹೊತ್ತವನು ತೂಕವನ್ನು ಕೇಳುವುದಿಲ್ಲ, ಬಣ್ಣವನ್ನು ಕೇಳುತ್ತಾನೆ. ಘಟ್ಟದ ಕೆಳಗಿನಿಂದ ಬಂದವನು ಇನ್ನೂ ಸೂಕ್ಷ್ಮದವನು. ಯಾವ ದಿನ ಯಾವ ಬಣ್ಣದ ಹುಂಜಕ್ಕೆ ಜಯವೆಂದು ಹೇಳುವ ಕುಕ್ಕುಟ ಪಂಚಾಂಗವೇ ಅಲ್ಲಿದೆ. ಕೋಳಿ ಅಂಕದ ಆಸೆ ಅವನ ಕಣ್ಣಿನಲ್ಲಿ ಕಂಡರೆ, ನನ್ನ ಹುಂಜಕ್ಕೆ ಕಾಲುನೋವೆಂದು ಸುಳ್ಳು ಹೇಳಿ ಕಳುಹಿಸುತ್ತೇನೆ. ಪೇಟೆಯಿಂದ ಕಾರಿನಲ್ಲಿ ಬಂದವರಿಗೆ ಕಡಕ್‌ನಾಥ್ ಕೋಳಿಯಲ್ಲ, ಔಷಧಿ. ಅದು ಯಾವ ಯಾವ ರೋಗಕ್ಕೆ ಆಗಿಬರುತ್ತದೆಂದು ಅವರೇ ನನಗೆ ಹೇಳುತ್ತಾರೆ, ನಾನು ಮೌನದಿಂದ ಹಣ ಎಣಿಸಿಕೊಳ್ಳುತ್ತೇನೆ. ಆಗೆಲ್ಲ ಜನ್ನನ ‘ಯಶೋಧರ ಚರಿತೆ’ ನೆನಪಾಗಿ ಮನಸ್ಸು ಮುದುಡುವುದುಂಟು. ಹಿಟ್ಟಿನ ಹುಂಜವನ್ನು ಬಲಿಯಿತ್ತ ಅರಸನೂ ಅವನ ತಾಯಿಯೂ ಆ ಸಂಕಲ್ಪದ ಹಿಂಸೆಯೊಂದಕ್ಕೇ ಜನ್ಮಜನ್ಮಾಂತರ ತೊಳಲಿ, ಕಡೆಗೆ ತಾವೇ ಕೋಳಿಗಳಾಗಿಯೂ ಹುಟ್ಟಬೇಕಾಯಿತಷ್ಟೆ. ಹಿಟ್ಟಿನದಲ್ಲದ, ಕೈಯಿಂದಲೇ ಕಾಳು ತಿನ್ನಿಸಿ ಬೆಳೆಸಿದ ಹುಂಜವನ್ನು ತಕ್ಕಡಿಗೇರಿಸಿ ದರ ಹೇಳುವ ನನಗೆ ಎಷ್ಟು ಜನ್ಮಗಳ ಬಾಕಿಯೋ, ಅದಕ್ಕೆ ನಮ್ಮ ಪುಸ್ತಕದಲ್ಲಿ ಅಂಕಣವಿಲ್ಲ.

ಮೇಲುಗುಡ್ಡದ ಹೆಂಗಸು ಬಂದದ್ದು ಇವರಾರ ಹಾಗೂ ಅಲ್ಲ, ಸಾಕುವುದಕ್ಕೆ. ಒಂದು ಹೇಟೆ, ಒಂದು ಎಳೆಯ ಹುಂಜ ಬೇಕೆಂದಳು. ಕೊರತೆ ತುಂಬುವ ಆತುರದಲ್ಲಿದ್ದ ನಾನು ಅಂದು ಮಾಡಿದ ಭಾಷಣ ಈಗಲೂ ನನಗೆ ನೆನಪಿದೆ: ಇದು ಬರಿಯ ಕೋಳಿಯಲ್ಲ, ಅಸೀಲ್, ಹೆಸರೇ ಕುಲೀನ, ಹದ್ದು ಬಂದರೆ ಓಡುವ ಜಾತಿಯಲ್ಲ, ತಿರುಗಿ ನಿಲ್ಲುವ ಜಾತಿ, ಇಂಥದು ಈ ತಾಲ್ಲೂಕಿನಲ್ಲೇ ಎಲ್ಲಿದೆ ಹೇಳು. ಆಕೆ ಎಲ್ಲವನ್ನೂ ತಲೆಯಾಡಿಸಿ ಕೇಳಿ, ಎರಡಕ್ಕೂ ಸೇರಿ 900 ರೂಪಾಯಿಯನ್ನು ನನ್ನ ಕೈಯಲ್ಲಿಟ್ಟು ಹೋದಳು. ಅಗ್ಗವಾಯಿತೆಂದು ನಾನು ಆರು ತಿಂಗಳು ಕೊರಗಿದೆ.

ಅಸೀಲ್ ಹುಂಜಗಳೆರಡು ಒಂದಂಗಳದಲ್ಲಿ ಬಾಳಲಾರವು. ಆದುದರಿಂದ ನಾನು ಉಳಿಸಿಕೊಂಡದ್ದು ಒಂದೇ. ಪುಷ್ಯಮಾಸದ ಒಂದು ರಾತ್ರಿ ಕಾಡುಬೆಕ್ಕು ಮಾಡಿನ ಸಂದಿನಿಂದ ಇಳಿಯಿತು; ಹೌದು, ಮುದುಕಿಯ ಮಾತು ಕೇಳಿ ಬಿಟ್ಟ ಸಂದೇ, ಆದರೆ ಅಲ್ಲಿಗೆ ತಂತಿಬಲೆ ಹೊಡೆಯದೆ ಬಿಟ್ಟವನು ನಾನು. ಬೆಳಿಗ್ಗೆ ಹೇಟೆಗಳೆಲ್ಲ ಮೂಲೆಯಲ್ಲಿ ಕ್ಷೇಮವಾಗಿದ್ದವು. ಹುಂಜದ ಗರಿಗಳು ಬಾಗಿಲಿನವರೆಗೂ ಹರಡಿದ್ದವು. ತಿರುಗಿ ನಿಲ್ಲುವ ಜಾತಿಯೆಂದು ನಾನು ಮಾರಾಟಕ್ಕಾಗಿ ಹೇಳಿದ್ದನ್ನು ಅದು ನಿಜವೆಂದೇ ನಂಬಿತ್ತು.

ಹುಂಜವಿಲ್ಲದ ಹೇಟೆಗಳಿಂದ ಮೊಟ್ಟೆ ಬರಬಹುದು, ಮರಿ ಬಾರದು. ಇದ್ದ ಎಳೆಯ ಹುಂಜಗಳನ್ನು ತಕ್ಕಡಿಗೆ ಹಾಕಿ ಆಗಿತ್ತು. ಇದ್ದಿದ್ದರೂ ಒಂದೇ ರಕ್ತ ತಿರುತಿರುಗಿ ಕೂಡಿದರೆ ನಾಲ್ಕಾರು ತಲೆಮಾರಿಗೆ ಮರಿಗಳು ಬಡಕಲಾಗಿ ವಂಶ ತಾನಾಗಿಯೇ ನಂದುತ್ತದೆ. ಮೇಲುಗುಡ್ಡವನ್ನು ಹತ್ತಿದೆ. ಆಕೆಯ ಅಂಗಳದಲ್ಲಿ ನಮ್ಮ ಹೇಟೆಯ ಮಗ ನಿಂತಿದ್ದ: ತಾಯಿಯ ನಿಲುವು, ನಾನು ಕಾಣದ ಯಾವುದೋ ಹುಂಜದ ಹೊಂಬಣ್ಣದ ಕೊರಳು. ಆಕೆ ತವರಿನಿಂದ ಬೇರೊಂದು ಅಸೀಲನ್ನು ತಂದು ಕೂಡಿಸಿದ್ದಳಂತೆ. ಬೀಜದ ಭತ್ತವನ್ನು ಒಂದೇ ಕಣಜದಲ್ಲಿ ಇಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಅಲ್ಲಿ ನಿಂತಾಗ ನೆನಪಾಯಿತು. ಬೆಲೆ ಕೇಳಿದೆ.

“ಇದು ಬರೀ ಕೋಳಿ ಅಲ್ಲ ಮೇಷ್ಟ್ರೇ, ಅಸೀಲು” ಎಂದು ಆಕೆ ಪ್ರಾರಂಭಿಸಿದಳು. “ಹೆಸರೇ ಕುಲೀನ. ಹದ್ದು ಬಂದ್ರೆ ಓಡೋ ಜಾತಿ ಅಲ್ಲ…” ಒಂದಕ್ಷರವೂ ತಪ್ಪಲಿಲ್ಲ. ನನ್ನ ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ಪಾಠವನ್ನು ಇಷ್ಟು ಶುದ್ಧವಾಗಿ ಒಪ್ಪಿಸಿದ ಶಿಷ್ಯರು ನನಗೆ ದೊರೆತಿರಲಿಲ್ಲ. 1,800 ರೂಪಾಯಿ ಎಣಿಸಿ ಕೊಟ್ಟೆ.

ಭಾನುವಾರ ಮನೆಯಾಕೆ ಎಂದಿನಂತೆ ಪುಸ್ತಕವನ್ನಿಳಿಸಿ ಕನ್ನಡಕ ಹಾಕಿಕೊಂಡಳು. ‘ಹುಂಜ ಒಂದು, 1,800’ ಎಂಬ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಅವಳಿಗೆ ಹತ್ತು ಕಡಕ್‌ನಾಥ್ ಮೊಟ್ಟೆನೂ ಕೊಟ್ಟು ಬಂದಿದೀರಂತಲ್ಲ, ಕಾವಿಗೆ ಇಡು ಅಂತ. ಅದನ್ನ ಯಾಕೆ ಬರೆದಿಲ್ಲ?”

ಉತ್ತರ ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಧ್ಯಾಹ್ನದ ಮೂರು ಗಂಟೆಯ ಬಿಸಿಲಿನಲ್ಲಿ, ಯಾವ ಪಂಚಾಂಗಕ್ಕೂ ಸೇರದ ಹೊತ್ತಿನಲ್ಲಿ, ಹೊಸ ಹುಂಜ ಗೋಡೆಯೇರಿ ಕೂಗಿತು. ದೂರದ ಮೇಲುಗುಡ್ಡದಿಂದ ಅದರ ತಂದೆಯಿರಬೇಕು, ಮರುಕೂಗು ಕೊಟ್ಟಿತು. ಮನೆಯಾಕೆ ಕಿವಿಗೊಟ್ಟು ಕೇಳಿ, ಪುಸ್ತಕವನ್ನು ಮುಚ್ಚಿ ಮೊಳೆಗೆ ತೂಗುಹಾಕಿದಳು.