ಸೋತು ಕಲಿಯುವ ಆಟಗಳು

‘ಛೆ, ಮತ್ತೆ ಸತ್ತೆ!’ ಎಂದು ಮಗನ ಕೋಣೆಯಿಂದ ಕೂಗು ಕೇಳಿದರೆ ಅಪ್ಪ ಅಮ್ಮ ಗಾಬರಿಯಾಗಬೇಕಿಲ್ಲ. ಅವನು 2011ರ ‘ಡಾರ್ಕ್ ಸೋಲ್ಸ್’ ಅಥವಾ 2022ರ ‘ಎಲ್ಡನ್ ರಿಂಗ್’ ಆಡುತ್ತಿರಬಹುದು. ಎರಡೂ ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ ವಿಡಿಯೊ ಆಟಗಳು. ಎರಡರಲ್ಲೂ ‘ಸುಲಭ’ ಎಂಬ ಆಯ್ಕೆಯೇ ಇಲ್ಲ. ಸತ್ತರೆ ಕೈಯಲ್ಲಿದ್ದ ಗಳಿಕೆ ಅಲ್ಲೇ ಬೀಳುತ್ತದೆ. ಅದನ್ನು ಎತ್ತಿಕೊಳ್ಳುವ ಮೊದಲೇ ಮತ್ತೆ ಸತ್ತರೆ ಅದೂ ಹೋಯಿತು!

ಸ್ವಭಾವ ಮಾತ್ರ ಬೇರೆ ಬೇರೆ. ಡಾರ್ಕ್ ಸೋಲ್ಸ್ ಹಳೆಯ ಕಾಲದ ಲೆಕ್ಕದ ಮೇಷ್ಟ್ರಂತೆ. ಎರಡು ಗಂಟೆಗಳನ್ನು ಬಾರಿಸದೆ ಕೋಟೆಯ ಬಾಗಿಲು ತೆರೆಯದು. ಒಂದು ಗಂಟೆಯನ್ನು ಚಾವಣಿಯ ಮೇಲೆ ರೆಕ್ಕೆಯ ರಾಕ್ಷಸರು ಕಾಯುತ್ತಾರೆ. ಎಲ್ಡನ್ ರಿಂಗ್ ತುಸು ಉದಾರಿ. ಬಯಲಿಗೆ ಕಾಲಿಟ್ಟೊಡನೆ ಚಿನ್ನದ ಕವಚದ ಕುದುರೆ ಸವಾರ ಎದುರಾಗುತ್ತಾನೆ. ಅವನಿಗೆ ಸಿಗದಂತೆ ಸುತ್ತಿ ಹೋಗಿ, ಬೇರೆಡೆ ಅಲೆದು ಬಲ ಕೂಡಿಸಿಕೊಂಡು ಆಮೇಲೆ ಬರಬಹುದು.

ಒಂದು ಹಟ ಕಲಿಸುತ್ತದೆ, ಇನ್ನೊಂದು ಉಪಾಯ. ಪರೀಕ್ಷೆಗೆ ಎರಡೂ ಬೇಕು. ಬಾರದ ಲೆಕ್ಕ ಬಿಟ್ಟು ಮುಂದೆ ಹೋಗುವುದು ಸರಿ. ಮರಳಿ ಬರುವುದನ್ನು ಮರೆಯಬಾರದು.

ಆಟದಲ್ಲಿ ಮೂವತ್ತು ಸಲ ಸೋತು ಎದ್ದ ಹುಡುಗ ಒಂದೇ ಒಂದು ಕಿರುಪರೀಕ್ಷೆಗೆ ಏಕೆ ಕುಗ್ಗುತ್ತಾನೆ? ಆಟ ಅವನನ್ನು ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸುವುದಿಲ್ಲ.